ಗುಡ್ಡದ ಮೇಲೆ ಡ್ರಿಲ್ ಪೀರಿಯಡ್ಡು

ನನ್ನ ಸೋದರತ್ತೆಯ ಎದುರು ಸೊಟ್ಟಗೆ ನಿಲ್ಲುವ ಧೈರ್ಯ ಇಡೀ ಹಾಸನ ಜಿಲ್ಲೆಯಲ್ಲಿ ಕರೆಂಟು ಕಂಬಗಳಿಗೆ ಮಾತ್ರ ಇದೆ. ಅವುಗಳಿಗೂ ಒಂದು ದಿನ ಕಾದಿದೆ ಎಂದೇ ನನ್ನ ನಂಬಿಕೆ! ಮನುಷ್ಯರ ಮಾತಂತೂ ಬಿಡಿ. ಅತ್ತೆ ಬಸ್‌ಸ್ಟ್ಯಾಂಡಿಗೆ ಕಾಲಿಟ್ಟರೆ ಸಾಕು, ಬಸ್ಸಿಗೆ ಕಾಯುತ್ತಿರುವವರು ತಮಗೇ ಅರಿವಿಲ್ಲದೆ ಸಾಲು ಕಟ್ಟುತ್ತಾರೆ. ಗೋಡೆಗೊರಗಿ ನಿಂತವರು ನೆಟ್ಟಗಾಗುತ್ತಾರೆ. ಬಾಯಲ್ಲಿ ಬೆರಳಿಟ್ಟುಕೊಂಡ ಕೂಸುಗಳು ಬೆರಳು ತೆಗೆದು ಕೈ ಕೆಳಗಿಳಿಸುತ್ತವೆ. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ ಎಂದು ನಿಮಗೆ ಅನ್ನಿಸಿದರೆ ನೀವು ಅವರನ್ನು ನೋಡಿಲ್ಲ ಎಂದೇ ಅರ್ಥ.

ಕಾರಣ ಇಷ್ಟೇ. ಅತ್ತೆ ಹೊಳೆನರಸೀಪುರ, ಅರಕಲಗೂಡು ಕಡೆಯ ಹೈಸ್ಕೂಲುಗಳಲ್ಲಿ ನೌಕರಿ ಪೂರ್ತಿ ಪಿ.ಟಿ. ಮೇಡಂ ಆಗಿದ್ದವರು. ಮಕ್ಕಳ ಬಾಯಲ್ಲಿ ‘ಡ್ರಿಲ್ ಮೇಡಮ್ಮು’. ರಿಟೈರಾದ ದಿನ ಬಾಲು, ನೆಟ್ಟು, ಸ್ಕಿಪ್ಪಿಂಗ್ ಹಗ್ಗ ಎಲ್ಲವನ್ನೂ ಸ್ಕೂಲಿಗೆ ಒಪ್ಪಿಸಿ ಬಂದರು. ಸೀಟಿ ಮಾತ್ರ ಒಪ್ಪಿಸಲಿಲ್ಲ. ಅವರ ಕೊರಳಲ್ಲಿ ಇವತ್ತಿಗೂ ಎರಡು ದಾರಗಳಿವೆ. ಒಂದರಲ್ಲಿ ಇಷ್ಟಲಿಂಗ, ಇನ್ನೊಂದರಲ್ಲಿ ಸೀಟಿ. ಎರಡರಲ್ಲಿ ಯಾವುದಕ್ಕೆ ಹೆಚ್ಚು ನಡೆದುಕೊಳ್ಳುತ್ತೀರಿ ಅತ್ತೆ ಎಂದು ಕೇಳುವ ಗಂಡು ನಮ್ಮ ವಂಶದಲ್ಲಿ ಹುಟ್ಟಿಲ್ಲ.

ಅವರಿಗೆ ಮದುವೆ ಆಗಲಿಲ್ಲ. ನೋಡಲು ಬಂದ ಗಂಡಿಗೆ ಕಾಫಿ ಕೊಡುತ್ತಾ, ‘ಬೆನ್ನು ಯಾಕೆ ಅಂಗೆ ಬಗ್ಗೈತೆ? ನೆಟ್ಟಗೆ ಕೂರೋಕೆ ಬರಾಕಿಲ್ವಾ?’ ಅಂದರಂತೆ. ಗಂಡು ನೆಟ್ಟಗೆ ಕೂತ. ಆಮೇಲೆ ನೆಟ್ಟಗೆ ಎದ್ದು ನೆಟ್ಟಗೆ ಮನೆಗೆ ಹೋದ. ಈ ಕತೆಯನ್ನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ ಹೇಳುತ್ತಿದ್ದವರು ನನ್ನ ಅಪ್ಪ, ಅಂದರೆ ಅತ್ತೆಯ ಒಬ್ಬನೇ ಅಣ್ಣ. ಅತ್ತೆಯನ್ನು ಗೇಲಿ ಮಾಡುವ ಪರ್ಮಿಟ್ಟು ಇದ್ದದ್ದು ಅವರೊಬ್ಬರಿಗೇ.

ನನ್ನ ಮದುವೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಗ್ರೂಪ್ ಫೋಟೋ ತೆಗೆಯುವ ಹೊತ್ತಿಗೆ ನೆಂಟರೆಲ್ಲ ಸಂತೆಯ ಹಾಗೆ ನಿಂತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. ಸೀಟಿ ಊದಿದರು. ‘ಎಲ್ಲರೂ ಎತ್ತರದ ಪ್ರಕಾರ ಸಾಲಾಗಿ!’ ಎಂಬ ಅಪ್ಪಣೆ ಬಂತು. ಬೀಗರು, ಬಿಜ್ಜರು, ಸ್ವಾಮಿಗಳ ಮಠದಿಂದ ಬಂದವರು, ಅಡುಗೆಯವರು ಎಲ್ಲರೂ ಅಳತೆ ನೋಡಿಕೊಂಡು ಸಾಲಾದರು. ನಾನು ಸ್ವಲ್ಪ ಗಿಡ್ಡ, ನನ್ನ ಹೆಂಡತಿ ಸ್ವಲ್ಪ ಉದ್ದ. ಹಾಗಾಗಿ ಆ ಫೋಟೋದಲ್ಲಿ ಮದುಮಗ ಮೊದಲ ಸಾಲಿನಲ್ಲಿ ಮಕ್ಕಳ ಜೊತೆ ಇದ್ದಾನೆ, ಮದುಮಗಳು ಕೊನೆಯ ಸಾಲಿನಲ್ಲಿ ತನ್ನ ಸೋದರಮಾವಂದಿರ ಜೊತೆ ಇದ್ದಾಳೆ! ಹೊಸಬರು ಯಾರಾದರೂ ನಮ್ಮ ಮನೆಗೆ ಬಂದರೆ ಹೆಂಡತಿ ಮೊದಲು ಆ ಫೋಟೋ ತೋರಿಸುತ್ತಾಳೆ, ಆಮೇಲೆ ಕಾಫಿ ಕೊಡುತ್ತಾಳೆ.

ಇಂಥ ಅತ್ತೆ ಜನರನ್ನು ಗುಡ್ಡ ಹತ್ತಿಸಿ ಯೋಗ ಮಾಡಿಸಿ ಬಯಲಲ್ಲಿ ತಿಂಡಿ ಕೊಡುವ ಕೆಲಸಕ್ಕೆ ಇಳಿದದ್ದು ಯಾಕೆ ಎನ್ನುವುದಕ್ಕೆ ಒಂದು ಹಿನ್ನೆಲೆಯಿದೆ. ಅದು ನಗುವ ಸಂಗತಿಯಲ್ಲ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಅಪ್ಪ ತೀರಿಕೊಂಡರು. ಹಾಸನದಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡು, ಕಡೆಯ ದಿನದವರೆಗೂ ಅಂಗಡಿಗೆ ಹೋಗಿ ಬರುತ್ತಿದ್ದವರು ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅದಾದ ಮೇಲೆ ಅಮ್ಮ ಮನೆಯ ಹೊಸಿಲು ದಾಟುವುದನ್ನು ಬಿಟ್ಟಳು. ಬೆಳಗಿನ ತಿಂಡಿಯನ್ನೂ ಬಿಟ್ಟಳು. ನನಗೆ, ನನ್ನ ಹೆಂಡತಿಗೆ, ಮಕ್ಕಳಿಗೆ ಬಿಸಿಬಿಸಿ ಮಾಡಿ ಬಡಿಸುವಳು. ನೀನು ತಿನ್ನಮ್ಮಾ ಅಂದರೆ ‘ಆಮೇಲೆ’ ಅನ್ನುವಳು. ಆ ಆಮೇಲೆ ಎನ್ನುವುದು ಯಾವತ್ತೂ ಬರುತ್ತಿರಲಿಲ್ಲ. ಬೈದು ನೋಡಿದೆವು, ಬೇಡಿ ನೋಡಿದೆವು. ಡಾಕ್ಟರು ‘ಬರೀ ಹೊಟ್ಟೆಗೆ ಮಾತ್ರೆ ನುಂಗಬೇಡಿ ತಾಯಿ’ ಎಂದು ಹೇಳಿ ಸೋತರು. ರವಿಕೆಗಳೆಲ್ಲ ದೊಗಲೆಯಾದವು. ಒಂದು ದಿನ ಬೆಳಗ್ಗೆ ಒಲೆಯ ಮುಂದೆ ತಲೆ ಸುತ್ತಿ ಕೂತುಬಿಟ್ಟಳು.

ಸುದ್ದಿ ತಿಳಿದು ಹೊಳೆನರಸೀಪುರದಿಂದ ಅತ್ತೆ ಸಿಕ್ಕಿದ ಬಸ್ಸು ಹತ್ತಿ ಬಂದರು. ಅಮ್ಮನ ರೆಟ್ಟೆ ಹಿಡಿದು ನೋಡಿದರು. ಕಾಫಿ ಕುಡಿದು, ಚೊಂಬು ನೀರು ಕುಡಿದು, ಆಮೇಲೆ ಸಹಜವಾಗಿ ಮಾತು ತೆಗೆದರು.

‘ಅತ್ಗೆ, ನಂಗೆ ನಿಮ್ಮಿಂದ ಒಂದ್ ಕೆಲ್ಸ ಆಗ್ಬೇಕು. ಭಾನುವಾರ ಭಾನುವಾರ ಜನುನ್ನ ಗುಡ್ಡ ಅತ್ಸಿ ಯೋಗ ಮಾಡ್ಸಣ ಅಂತಿವ್ನಿ. ಯೋಗ ಆದ್ಮೇಲೆ ಅಲ್ಲೇ ಬಂಡೆ ಮೇಲೆ ತಿಂಡಿ. ಯೋಗ ನಂದು, ತಿಂಡಿ ನಿಮ್ದು.’

‘ನನ್ ಕೈಲಾಗಾಕಿಲ್ಲ ಅಮ್ಮಣ್ಣಿ’ ಅಂದಳು ಅಮ್ಮ. ಅಮ್ಮ ತನ್ನ ನಾದಿನಿಯನ್ನು ಕರೆಯುವುದು ಹಾಗೆ.

‘ಓಗ್ಲಿ ಬಿಡಿ. ಅಂಗಾರೆ ನಾನೇ ಉಪ್ಪಿಟ್ಟು ಮಾಡ್ಕಂಡ್ ಓಯ್ತೀನಿ.’

ಅಮ್ಮನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಬಂತು. ಅದು ಭಯದ ಕಳೆ! ಅತ್ತೆಯ ಉಪ್ಪಿಟ್ಟು ತಿಂದವರಿಗೆ ಆ ಭಯ ಅರ್ಥವಾಗುತ್ತದೆ. ಅದನ್ನು ಉಂಡೆ ಕಟ್ಟಿದರೆ ಗುಂಡು ಎಸೆತದ ಸ್ಪರ್ಧೆಗೆ ಕಳಿಸಬಹುದು. ‘ಅಯ್ಯೋ ಬ್ಯಾಡ ಬ್ಯಾಡ, ಪಾಪ ಯಾರ್ ಮನೆ ಮಕ್ಳೋ ಏನೋ! ನಾನೇ ಮಾಡ್ತೀನಿ’ ಎಂದು ಅಮ್ಮ ಒಪ್ಪಿಕೊಂಡುಬಿಟ್ಟಳು.

ಹೊರಡುವಾಗ ಅತ್ತೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ನಾನು ಅಭ್ಯಾಸದಂತೆ ಕಾಲು ಜೋಡಿಸಿ ನಿಂತೆ. ‘ನೋಡ್ಲಾ, ನಿಮ್ಮಮ್ಮ ಆ ಗುಡ್ಡದ್ ಮೇಲೆ ಕುಂತು ಒಂದ್ ತಟ್ಟೆ ತಿಂಡಿ ತಿನ್ನಬೇಕು. ನಂಗ್ ಬೇಕಾಗಿರಾದು ಅಷ್ಟೇ. ಮಿಕ್ಕಿದ್ದೆಲ್ಲ ನಾಟ್ಕ’ ಅಂದರು. ನಾನು ಕಣ್ಣೊರೆಸಲು ಕರ್ಚೀಫು ತೆಗೆದೆ. ಅಷ್ಟರಲ್ಲಿ ಅವರು, ‘ನೀನೂ ಬರ್ಬೇಕು. ಒಟ್ಟೆ ನೋಡ್ಕ, ಕಡಾಯಿ ಬೋರಲಾಕ್ದಂಗೈತೆ’ ಎಂದು ಸೇರಿಸಿದ್ದರಿಂದ ಅಳು ಹಿಂದಕ್ಕೆ ಹೋಯಿತು.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಒಂದು ಬೋಳು ಗುಡ್ಡವಿದೆ. ಸುತ್ತಲ ಹಳ್ಳಿಯವರು ಕರಿಕಲ್ಲು ಗುಡ್ಡ ಅನ್ನುತ್ತಾರೆ. ಬುಡದಲ್ಲಿ ದೊಡ್ಡದೊಂದು ಹೊಂಗೆ ಮರ, ತುದಿಯಲ್ಲಿ ಚಾಪೆ ಹಾಸಿದಂಥ ಬಂಡೆ, ಬಂಡೆಯ ಮೂಲೆಯಲ್ಲಿ ಪುಟ್ಟ ಬಸವಣ್ಣನ ಗುಡಿ. ಅತ್ತೆ ವಾಟ್ಸಾಪಿನಲ್ಲಿ ಎಲ್ಲರಿಗೂ ಹೀಗೆ ಬರೆದು ಕಳಿಸಿದರು: ‘ಸೂರ್ಯೋದಯಕ್ಕೆ ಗುಡ್ಡ, ಗುಡ್ಡದ ಮೇಲೆ ಯೋಗ, ಯೋಗದ ಮೇಲೆ ತಿಂಡಿ. ತಡವಾಗಿ ಬಂದವರು ಗುಡ್ಡದ ಸುತ್ತ ಓಡತಕ್ಕದ್ದು.’ ಕೊನೆಯ ವಾಕ್ಯವನ್ನು ಜನ ತಮಾಷೆ ಎಂದುಕೊಂಡರು. ಮೊದಲ ಭಾನುವಾರವೇ ತಡವಾಗಿ ಬಂದ ವಕೀಲರೊಬ್ಬರು ಹೊಸ ಬೂಟು ಹಾಕಿಕೊಂಡು ಗುಡ್ಡದ ಸುತ್ತ ಓಡುವುದನ್ನು ನೋಡಿದ ಮೇಲೆ ಯಾರೂ ತಮಾಷೆ ಎಂದುಕೊಳ್ಳಲಿಲ್ಲ.

ಏರ್ಪಾಟು ಹೀಗಿತ್ತು. ಇನ್ನೂ ಕತ್ತಲಿರುವಾಗಲೇ ನಾನು, ಅಮ್ಮ, ಗ್ಯಾಸು, ಪಾತ್ರೆಗಳು ಕಾರಿನಲ್ಲಿ ಹೊಂಗೆ ಮರದ ಬುಡಕ್ಕೆ ಬಂದು ಇಳಿಯುತ್ತಿದ್ದೆವು. ಅಮ್ಮ ಅಲ್ಲೇ ಒಲೆ ಹೂಡಿ ತಿಂಡಿ ಮಾಡುವಳು. ತಿಂಡಿಯನ್ನು ಹಾಟ್‌ಬಾಕ್ಸುಗಳಿಗೆ ತುಂಬಿದ ಮೇಲೆ ಅತ್ತೆ ಬಂದವರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ ಹೊರೆ ಹಂಚುವರು. ಉದ್ದನೆಯವರಿಗೆ ತಿಂಡಿಯ ಡಬ್ಬಿ, ಮಧ್ಯದವರಿಗೆ ನೀರಿನ ಕ್ಯಾನು, ಗಿಡ್ಡರಿಗೆ ಚಟ್ನಿ. ಸೀಟಿ ಊದಿದ ಮೇಲೆ ಮೆರವಣಿಗೆ ಗುಡ್ಡ ಹತ್ತುವುದು. ಅಮ್ಮ ಮಾತ್ರ ಹತ್ತುತ್ತಿರಲಿಲ್ಲ. ‘ಪಾತ್ರೆ ತೊಳೀಬೇಕು’ ಎಂದು ಮರದ ಬುಡದಲ್ಲೇ ಉಳಿಯುವಳು. ಅಮ್ಮನಿಗೆ ಜೊತೆ ಇರಬೇಕು ಎಂಬ ನೆಪದಲ್ಲಿ ನಾನೂ ಉಳಿಯುತ್ತಿದ್ದೆ. ನಮ್ಮ ಅಮ್ಮನ ಮೇಲೆ ನನಗೆ ಅಷ್ಟೊಂದು ಪ್ರೀತಿ ಇದೆ ಎಂದು ಗುಡ್ಡ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು!

ಆದರೂ ಕೆಲವು ಸಲ ಅತ್ತೆ ನನ್ನನ್ನು ಬಿಡದೆ ಎಳೆದೊಯ್ದಿದ್ದರಿಂದ ಮೇಲೆ ನಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಗೈಡು ಅಂದಮೇಲೆ ಸುತ್ತಲಿನ ಸ್ಥಳಗಳ ಮಹಿಮೆ ಹೇಳಬೇಕಲ್ಲವೇ? ಅತ್ತೆ ಹೇಳುತ್ತಿದ್ದರು. ‘ಅಗೋ ಆ ದಿಕ್ಕಿನಲ್ಲಿ ದಂಡಿಗನಹಳ್ಳಿ. ಅಲ್ಲಿಯ ಹುಡುಗ ಒಬ್ಬ ಲಾಂಗ್ ಜಂಪ್ ಮಾಡಿ ಮರಳಿನ ಗುಂಡಿ ದಾಟಿ ಆ ಕಡೆ ಬಿದ್ದ. ಕೈ ಮುರೀತು, ಆದರೆ ಫಸ್ಟ್ ಬಂದ.’ ಬೆಂಗಳೂರಿನಿಂದ ಬಂದಿದ್ದ ಒಬ್ಬಾಕೆ ಕೇಳಿದರು, ‘ಮೇಡಂ, ದೊಡ್ಡಗದ್ದವಳ್ಳಿ ಯಾವ ಕಡೆ? ಅಲ್ಲಿ ಹೊಯ್ಸಳರ ಲಕ್ಷ್ಮೀದೇವಿ ದೇವಸ್ಥಾನ ಇದೆಯಂತಲ್ಲ?’ ಅತ್ತೆಯ ಮುಖ ಬಿಗಿಯಿತು. ‘ಆ ಕಡೆ. ದೇವಸ್ಥಾನ ಚೆನ್ನಾಗಿದೆ. ಆದರೆ ಆ ಕಡೆ ಹುಡುಗೀರು ಥ್ರೋಬಾಲ್ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದರು. ಅದಕ್ಕೇ ನಾನು ಜಾಸ್ತಿ ಹೇಳುವುದಿಲ್ಲ.’ ಒಂಬೈನೂರು ವರ್ಷದ ಶಿಲ್ಪಕಲೆ ಒಂದು ಥ್ರೋಬಾಲಿನ ಮುಂದೆ ಸೊನ್ನೆಯಾಯಿತು.

ಸೂರ್ಯನನ್ನೂ ಅವರು ಬಿಡಲಿಲ್ಲ. ಚಳಿಗಾಲದ ಒಂದು ಭಾನುವಾರ ಮಂಜು ಕವಿದು ಎಷ್ಟು ಹೊತ್ತಾದರೂ ಸೂರ್ಯ ಕಾಣಲಿಲ್ಲ. ಮೊಬೈಲು ಹಿಡಿದು ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆಲ್ಲ ನಿರಾಸೆ. ಅತ್ತೆ ಗಡಿಯಾರ ನೋಡಿದರು. ‘ಯಾರೂ ಕಾಯಬೇಡಿ. ಲೇಟಾಗಿ ಬಂದವನಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ. ಎಲ್ಲರೂ ಈ ಕಡೆ ತಿರುಗಿ, ಬಲಗಾಲು ಎತ್ತಿ!’ ಅಂದು ವೃಕ್ಷಾಸನ ಶುರು ಮಾಡಿಸಿದರು. ಸೂರ್ಯ ಬಂದಾಗ ಎಲ್ಲರೂ ಅವನಿಗೆ ಬೆನ್ನು ಹಾಕಿ ನಿಂತಿದ್ದರು.

ಅವರ ಯೋಗವೂ ಯೋಗವೇ! ನಿಧಾನವಾಗಿ ಉಸಿರು ಬಿಡಿ, ಮನಸ್ಸು ಹಗುರ ಮಾಡಿಕೊಳ್ಳಿ ಎಂಬ ಮೆದು ಮಾತುಗಳೆಲ್ಲ ಅಲ್ಲಿಲ್ಲ. ‘ಉಸ್ರು ಒಳಕ್ಕೆ! ಹೊರಕ್ಕೆ! ಹಿಂದಿನ ಸಾಲು, ಏನು ಮಾತು?’ ಎಂಬ ಧಾಟಿ. ಶವಾಸನದಲ್ಲಿ ಸಾಲುಗಳ ನಡುವೆ ಓಡಾಡುತ್ತಾ, ‘ಸತ್ತಂಗೆ ಮಲಗಿ ಅಂದರೆ ಸತ್ತಂಗೆ ಮಲಗಬೇಕು. ಸತ್ತೋರು ಎಲ್ಲಾದರೂ ಸೊಳ್ಳೆ ಹೊಡೀತಾರಾ?’ ಎಂದು ಗದರುತ್ತಿದ್ದರು. ಸಕ್ಕರೆ ಕಾಯಿಲೆಯ ರಿಟೈರ್ಡ್ ಮೇಷ್ಟ್ರೊಬ್ಬರು ಆ ಅಪ್ಪಣೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಎಲ್ಲರೂ ತಿಂಡಿ ತಿಂದು ಕೆಳಗಿಳಿದು ಬಂದ ಮೇಲೆ ಲೆಕ್ಕದಲ್ಲಿ ಒಂದು ತಲೆ ಕಮ್ಮಿ ಬಂತು. ಓಡಿ ಹೋಗಿ ನೋಡಿದರೆ ಮೇಷ್ಟ್ರು ಗುಡಿಯ ಹಿಂದಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ಪಕ್ಕದಲ್ಲಿ ಊರ ನಾಯಿಯೂ ಶವಾಸನ ಹಾಕಿದೆ! ‘ಮನೇಲಿ ಬರದ ನಿದ್ದೆ ಇಲ್ಲಿ ಬಂತು ಕಣಮ್ಮಾ’ ಎಂದು ಮೇಷ್ಟ್ರು ಅತ್ತೆಗೆ ಕೈ ಮುಗಿದರು. ಅವತ್ತಿನಿಂದ ಅವರು ಒಂದು ಭಾನುವಾರವೂ ತಪ್ಪಿಸಿಲ್ಲ. ದಿಂಬು ತರಲು ಮಾತ್ರ ಅತ್ತೆ ಬಿಟ್ಟಿಲ್ಲ.

ಇನ್ನೊಮ್ಮೆ ರುದ್ರಪಟ್ಟಣದ ಸಂಗೀತಗಾರರೊಬ್ಬರು ಬಂದಿದ್ದರು. ಓಂಕಾರ ಹೇಳುವಾಗ ಎಲ್ಲರದೂ ಮುಗಿದರೂ ಅವರದು ಮುಗಿಯಲೊಲ್ಲದು. ಗಂಭೀರವಾದ ಕಂಠ, ಗುಡ್ಡವೇ ಮೊಳಗುತ್ತಿತ್ತು. ಕೇಳುತ್ತಿದ್ದವರಿಗೆ ಮೈ ಜುಮ್ಮೆಂದಿತು. ಆದರೆ ಟೈಮ್ ಟೇಬಲ್ ಎಂಬುದು ಒಂದಿದೆಯಲ್ಲ? ಅತ್ತೆ ಸೀಟಿ ಊದಿಬಿಟ್ಟರು. ಸಂಗೀತಗಾರರು ಕಣ್ಣು ಬಿಟ್ಟು, ‘ಮೇಡಂ, ನಿಮ್ಮ ಸೀಟಿ ಶ್ರುತಿ ಸೇರಲಿಲ್ಲ’ ಅಂದರು. ಅತ್ತೆ, ‘ನನ್ನ ಸೀಟಿಗೆ ನೀವೇ ಸೇರಬೇಕು ಸಾರ್’ ಅಂದರು. ಮುಂದಿನ ವಾರ ಅವರು ಮತ್ತೆ ಬಂದು, ಸೀಟಿ ಬೀಳುವ ಮೊದಲೇ ಓಂಕಾರ ಮುಗಿಸಿದರು.

ಇದೆಲ್ಲ ನಡೆಯುತ್ತಿದ್ದರೂ ಅತ್ತೆಯ ಒಂದು ಕಣ್ಣು ಸದಾ ಕೆಳಗಿನ ಹೊಂಗೆ ಮರದ ಮೇಲೆಯೇ ಇರುತ್ತಿತ್ತು. ಕೆಳಗೆ ಬಂದ ಕೂಡಲೇ ನನ್ನನ್ನು ನೋಡಿ ಹುಬ್ಬು ಎತ್ತುವರು. ತಿಂದರಾ ಎಂದರ್ಥ. ನಾನು ಇಲ್ಲವೆಂದು ತಲೆ ಅಲ್ಲಾಡಿಸುವೆ. ಅಮ್ಮ ಮನೆಯ ಹೊಸಿಲು ದಾಟಿದ್ದಳು, ನಾಲ್ಕು ಜನರೊಡನೆ ಮಾತಾಡುತ್ತಿದ್ದಳು, ಅಷ್ಟರಮಟ್ಟಿಗೆ ನಮ್ಮ ಗೆಲುವು. ಆದರೆ ಬೆಳಗಿನ ಹೊತ್ತು ಒಂದು ತುತ್ತು ಅವಳ ಬಾಯಿಗೆ ಹೋಗುತ್ತಿರಲಿಲ್ಲ. ಉಳಿದ ತಿಂಡಿಯನ್ನು ದನ ಕಾಯುವವರಿಗೆ ಕೊಟ್ಟು ಪಾತ್ರೆ ತಿಕ್ಕಲು ಕೂತುಬಿಡುವಳು.

ಅಷ್ಟೇ ಅಲ್ಲ, ಅಮ್ಮ ಕಳ್ಳತನವನ್ನೂ ಶುರು ಮಾಡಿದ್ದಳು! ಯೋಗಕ್ಕೆ ಹೊಟ್ಟೆ ಖಾಲಿ ಇರಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಹಸಿದ ಜನ ಗುಡ್ಡ ಹತ್ತುವುದನ್ನು ನೋಡಲು ಅಮ್ಮನಿಗೆ ಆಗದು. ಸಾಲು ಹೊರಡುವಾಗ ಮರದ ಹಿಂದೆ ನಿಂತು ಒಬ್ಬೊಬ್ಬರ ಕೈಗೂ ಒಂದು ಬಾಳೆಹಣ್ಣು, ಒಂದು ಎಳ್ಳುಂಡೆ ತುರುಕುತ್ತಿದ್ದಳು. ‘ಮೇಡಮ್ಗೆ ಏಳ್ಬ್ಯಾಡಿ ಕಣಪ್ಪಾ, ದಾರೀಲಿ ತಿನ್ಕಳಿ.’ ಒಂದು ದಿನ ಭುಜಂಗಾಸನದಲ್ಲಿ ಇಡೀ ಸಾಲು ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತಿದಾಗ ಆ ತುದಿಯಿಂದ ಈ ತುದಿಯವರೆಗೆ ತೇಗುಗಳು ಹೊರಟವು. ಗುಟ್ಟು ರಟ್ಟಾಯಿತು. ಅತ್ತೆ ದಡದಡನೆ ಗುಡ್ಡ ಇಳಿದು ಬಂದರು.

‘ಏನತ್ಗೆ ಇದು? ಯೋಗುಕ್ಕೆ ಖಾಲಿ ಒಟ್ಟೆ ಇರ್ಬೇಕು ಅಂತ ಎಷ್ಟ್ ಸಲ ಏಳಿಲ್ಲ ನಾನು?’

‘ಖಾಲಿ ಒಟ್ಟೇಲಿ ಗುಡ್ಡ ಅತ್ಸಾಕೆ ಅವ್ರೇನ್ ಎತ್ತಾ? ಎತ್ಗಾದ್ರೂ ಒಂದಿಡಿ ಮೇವಾಕಿ ಗಾಡಿ ಕಟ್ತಾರೆ! ಅಸ್ಕಂಡಿರೋರ್ನ ಕಂಡ್ರೆ ನನ್ ಜೀವ ತಡೆಯಾಕಿಲ್ಲ ಅಮ್ಮಣ್ಣಿ, ನೀನೇನಾರ ಅನ್ಕ.’

‘ಅಷ್ಟ್ ತಿಳ್ದೋರು ನೀವ್ಯಾಕೆ ಬೆಳಗ್ಗೆ ಅಸ್ಕಂಡಿರ್ತೀರಿ?’

ಅಮ್ಮ ಬಾಣಲೆ ಎತ್ತಿಕೊಂಡು ನೀರಿನ ಕಡೆ ಹೋದಳು. ಅತ್ತೆ ಅಲ್ಲೇ ನಿಂತು ಬಹಳ ಹೊತ್ತು ಯೋಚಿಸಿದರು. ಅತ್ತೆ ಯೋಚಿಸಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಅಪ್ಪ ಹೇಳುತ್ತಿದ್ದರು.

ಮುಂದಿನ ಭಾನುವಾರ ಅವರೆಕಾಯಿ ಕಾಲ. ಹಿಂದಿನ ದಿನವೇ ಅಮ್ಮ ಸೊಗಡಿನ ಅವರೆ ಸುಲಿದಿಟ್ಟಿದ್ದಳು. ಹೊಂಗೆ ಮರದ ಕೆಳಗೆ ಅವರೆಕಾಳಿನ ಉಪ್ಪಿಟ್ಟಿನ ವಾಸನೆ ಎದ್ದಾಗ ಗುಡ್ಡ ಹತ್ತಬೇಕಾದವರ ಕಾಲುಗಳೇ ಮುಂದಕ್ಕೆ ಹೋಗಲೊಲ್ಲವು. ಅತ್ತೆ ಸೀಟಿ ಊದಿ ಅಟ್ಟಿಸಿಕೊಂಡು ಹೋದರು. ನಾನು, ಅಮ್ಮ ಕೆಳಗೆ ಉಳಿದೆವು. ಬಿಸಿಲು ಬಂತು. ಯೋಗ ಮುಗಿಯುವ ಹೊತ್ತೂ ಆಯಿತು. ನನ್ನ ಫೋನು ಬಡಿದುಕೊಂಡಿತು.

‘ಸ್ಪೀಕರ್ಗಾಕು’ ಅಂದರು ಅತ್ತೆ. ಹಾಕಿದೆ. ‘ಅತ್ಗೆ, ಇಲ್ಲಿ ಎಲ್ರೂ ತಟ್ಟೆ ಇಡ್ಕಂಡು ಕುಂತವ್ರೆ. ಒಬ್ರೂ ಬಾಯ್ಗಿಕ್ತಿಲ್ಲ.’

ಅಮ್ಮ ಗಾಬರಿಯಾದಳು. ‘ಯಾಕೆ? ಉಪ್ಪಿಟ್ಟು ಸೀದೋಗೈತಾ?’

‘ಉಪ್ಪಿಟ್ಟೇನೋ ಘಮ್ ಅಂತೈತೆ. ಮಾಡ್ದೋರು ಬಂದು ನಮ್ಜೊತೆ ಕುಂತು ತಿನ್ನೋಗಂಟ ಯಾರೂ ತಿನ್ನಂಗಿಲ್ಲ ಅಂತ ಏಳಿವ್ನಿ.’

‘ಇದೇನ್ ಉಡುಗಾಟ ಅಮ್ಮಣ್ಣಿ! ತಿನ್ನಾಕೆ ಬುಡು ಅವ್ರುನ್ನ!’

‘ನಾನ್ ಬುಡಾಕಿಲ್ಲ. ನೆನ್ನೆ ಸಂಜೆಯಿಂದ ಅಸ್ಕಂಡವ್ರೆ. ಮೇಷ್ಟ್ರಿಗೆ ಬೇರೆ ಸಕ್ರೆ ಕಾಯ್ಲೆ, ಕೈ ನಡುಗ್ತಾ ಐತೆ. ನಿಮ್ಮಿಷ್ಟ’ ಎಂದು ಫೋನು ಇಟ್ಟರು.

ಅಮ್ಮ ಕೈಲಿದ್ದ ಪಾತ್ರೆ ಕೆಳಗಿಟ್ಟಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಾನು ಏನು ಎಂದು ಕೇಳುವಷ್ಟರಲ್ಲಿ ಗುಡ್ಡದ ಮೊದಲ ಬಂಡೆಯ ಮೇಲಿದ್ದಳು! ಭಾನುವಾರದ ಈ ಮರದ ಬುಡ ಬಿಟ್ಟರೆ ಒಂದು ವರ್ಷದಿಂದ ಎದುರುಮನೆಗೂ ಹೋಗದಿದ್ದ ಅಮ್ಮ ಮುಂದೆ, ದಿನಾ ಸ್ಕೂಟರ್ ಮೇಲೆ ಆಫೀಸಿಗೆ ಹೋಗುವ ನಾನು ಏದುಸಿರು ಬಿಡುತ್ತಾ ಹಿಂದೆ. ಅರ್ಧ ದಾರಿಯಲ್ಲಿ ಅವಳು ಕಲ್ಲಿನ ಮೇಲೆ ಕುಸಿದು ಕೂತಳು. ಹಣೆಯೆಲ್ಲ ಬೆವರು, ತುಟಿ ಬಿಳಿಚಿತ್ತು. ಈ ಅತ್ತೆಯ ಹುಚ್ಚಾಟಕ್ಕೆ ಒಂದು ಮಿತಿ ಬೇಡವೇ ಎಂದು ನನಗೆ ನಿಜವಾಗಿ ಸಿಟ್ಟು ಬಂತು. ‘ಸಾಕು ಬಾಮ್ಮಾ, ಇಳಿದುಬಿಡಣ’ ಅಂದೆ.

‘ಮೇಲೆ ಅಸ್ಕಂಡ್ ಕುಂತವ್ರೆ ಕಣ್ಲಾ’ ಅಂದಳು. ನನ್ನ ಭುಜ ಹಿಡಿದುಕೊಂಡು ಎದ್ದಳು.

ಮೇಲೆ ಬಂದು ನೋಡಿದರೆ ಆ ದೃಶ್ಯ ನೀವು ನೋಡಬೇಕಿತ್ತು. ಬಂಡೆಯ ಮೇಲೆ ಎತ್ತರದ ಪ್ರಕಾರ ಸಾಲಾಗಿ ಕೂತ ಜನ, ಎಲ್ಲರ ಕೈಯಲ್ಲೂ ತಟ್ಟೆ, ತಟ್ಟೆಯಲ್ಲಿ ಉಪ್ಪಿಟ್ಟು, ಕಣ್ಣುಗಳೆಲ್ಲ ಉಪ್ಪಿಟ್ಟಿನ ಮೇಲೆ. ಮೇಷ್ಟ್ರು ಮಾತ್ರ ನಮ್ಮನ್ನು ಕಂಡು ಏನನ್ನೋ ಗಡಿಬಿಡಿಯಿಂದ ನುಂಗಿದರು. ಅವರಿಗೆ ಅತ್ತೆ ಮೊದಲೇ ಒಂದು ತಟ್ಟೆ ತಿನ್ನಿಸಿ, ಬಾಯಿ ಒರೆಸಿ ಕೂರಿಸಿದ್ದರು ಎಂಬುದು ಆಮೇಲೆ ತಿಳಿಯಿತು. ಅಮ್ಮ ಏದುಸಿರಿನಲ್ಲೇ ಎಲ್ಲರಿಗೂ ಬೈದಳು. ‘ಈ ಉಚ್ಚಿ ಏಳಿದ್ಲು ಅಂತ ನೀವೂ ಇಂಗೆ ಕುಂತ್ಕಳಾದಾ? ತಿನ್ನಿ, ತಿನ್ನಿ!’ ಯಾರೂ ಅಲ್ಲಾಡಲಿಲ್ಲ. ಅತ್ತೆ ಒಂದು ತಟ್ಟೆಗೆ ಉಪ್ಪಿಟ್ಟು ಹಾಕಿ ಅಮ್ಮನ ಮುಂದೆ ಹಿಡಿದರು.

‘ನೀವೆಲ್ಲ ತಿನ್ನಿ. ನಾನ್ ಆಮೇಲೆ.’

‘ಆಮೇಲೆ ಇಲ್ಲ. ಈಗ್ಲೇ.’

ಅಮ್ಮ ತಟ್ಟೆ ತೆಗೆದುಕೊಂಡಳು. ಕೈ ಹಾಕಲಿಲ್ಲ. ತಲೆ ತಗ್ಗಿಸಿ, ಬಹಳ ಸಣ್ಣ ದನಿಯಲ್ಲಿ ಹೇಳಿದಳು.

‘ಇಲ್ಲ ಅಮ್ಮಣ್ಣಿ. ಮದ್ವೆಯಾದಾಗಿಂದ ನಿಮ್ಮಣ್ಣ ಪೂಜೆ ಮುಗ್ಸಿ, ತಿಂಡಿ ತಿಂದು, ಕೈ ತೊಳ್ಕಂಡು, ಅಡ್ಗೆಮನೆ ಬಾಗ್ಲಲ್ಲಿ ನಿಂತು “ನಂದಾಯ್ತು” ಅಂತ ಏಳೋರು. ಆಮೇಲೇ ನಾನು ತಟ್ಟೆ ಆಕ್ಕಳಾದು. ಒಂದಿನಾನೂ ತಪ್ಪಿದ್ದಿಲ್ಲ. ಈಗ ತಟ್ಟೆ ಮುಂದೆ ಕುಂತ್ರೂ ಕಿವಿ ಅಲ್ಲೇ ಇರ್ತದೆ. ಆ ಮಾತು ಬರಾಕಿಲ್ಲ. ಕೈ ಓಗಾಕಿಲ್ಲ.’

 ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನಾನು ದಿನಾ ಕೇಳುತ್ತಿದ್ದ ಮಾತು ಅದು, ಅದಕ್ಕೆ ಇಷ್ಟು ತೂಕ ಇದೆಯೆಂದು ನನಗೆ ತಿಳಿದಿರಲೇ ಇಲ್ಲ. ನಾನು ಅತ್ತೆಯ ಕಡೆ ನೋಡಿದೆ. ಅವರು ಬಗ್ಗಿ ನಿಂತಿದ್ದರು. ಆ ಬೆನ್ನು ಬಗ್ಗಿದ್ದನ್ನು ನಾನು ಹುಟ್ಟಿದಾಗಿಂದ ಕಂಡಿರಲಿಲ್ಲ. ಅಣ್ಣ ಸತ್ತಾಗಲೂ ನೆಟ್ಟಗೆ ನಿಂತು ಎಲ್ಲರನ್ನೂ ಕೊನೆಯ ದರ್ಶನಕ್ಕೆ ಸಾಲಿನಲ್ಲಿ ಬಿಟ್ಟ ಹೆಂಗಸು ಈಗ ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಳುತ್ತಲೇ ಒಂದು ತಟ್ಟೆ ಎತ್ತಿಕೊಂಡು ತುತ್ತಿನ ಮೇಲೆ ತುತ್ತು ಬಾಯಿಗೆ ತುರುಕಿಕೊಂಡರು. ಅಗಿದರೋ ಬಿಟ್ಟರೋ, ಕ್ಯಾನಿನ ನೀರಲ್ಲಿ ಕೈ ತೊಳೆದುಕೊಂಡು ಅಮ್ಮನ ಮುಂದೆ ಬಂದು ನಿಂತರು.

‘ನಂದಾಯ್ತು ಅತ್ಗೆ. ನಾನೂ ಅವ್ನ್ ಜೊತೆ ಉಟ್ಟಿದೋಳೇ ಅಲ್ವಾ? ನಂದಾಯ್ತು. ಈಗ ನೀವ್ ತಿನ್ನಿ.’

ಅಮ್ಮ ಅವರ ಮುಖ ನೋಡುತ್ತಾ ಬಂಡೆಯ ಮೇಲೆ ಕೂತಳು. ಆಮೇಲೆ ತಟ್ಟೆಗೆ ಕೈ ಹಾಕಿದಳು. ಮೊದಲ ತುತ್ತು ನುಂಗಲು ಕಷ್ಟಪಟ್ಟಳು, ಎರಡನೆಯದು ಸಲೀಸಾಗಿ ಇಳಿಯಿತು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ ತಮ್ಮ ಎರಡನೆಯ ತಟ್ಟೆಗೆ ಕೈ ಹಾಕಿದರು. ಯಾರೋ ಚಟ್ನಿ ಕೇಳಿದರು. ತಣ್ಣಗಾದ ಆ ಉಪ್ಪಿಟ್ಟಿನಷ್ಟು ರುಚಿಯಾದದ್ದನ್ನು ನಾನು ಜನ್ಮದಲ್ಲಿ ತಿಂದಿಲ್ಲ.

ಈಗ ಅಮ್ಮ ಪ್ರತಿ ಭಾನುವಾರ ಸಾಲಿನ ಜೊತೆಯೇ ಗುಡ್ಡ ಹತ್ತುತ್ತಾಳೆ. ರವಿಕೆಗಳು ಮತ್ತೆ ಮೈಗೆ ಸರಿಯಾಗಿವೆ. ಉಳಿದ ದಿನ ಬೆಳಗ್ಗೆ ಅವಳ ಫೋನು ಬಡಿದುಕೊಳ್ಳುತ್ತದೆ. ಹೊಳೆನರಸೀಪುರದಿಂದ ಅತ್ತೆ. ಹಲೋ ಇಲ್ಲ, ಕ್ಷೇಮ ಸಮಾಚಾರವಿಲ್ಲ. ‘ಅತ್ಗೆ, ನಂದಾಯ್ತು’ ಅಂದು ಇಟ್ಟುಬಿಡುತ್ತಾರೆ. ಅಮ್ಮ ತಟ್ಟೆ ಹಾಕಿಕೊಂಡು ತಿಂದು, ಕೈ ತೊಳೆದು, ತನ್ನದೂ ಆಯಿತೆಂದು ತಿಳಿಸಲು ಅತ್ತೆಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ.

ಮೊನ್ನೆ ಫೋನು ಬಂದಾಗ ನಾನು ಪಕ್ಕದಲ್ಲೇ ಇದ್ದೆ. ‘ನಂದಾಯ್ತು’ ಎಂದು ಅತ್ತೆ ಹೇಳುತ್ತಿರುವಾಗಲೇ ಅವರ ಮನೆಯ ಕುಕ್ಕರು ಮೊದಲ ಕೂಗು ಹಾಕಿತು. ಅಲ್ಲಿ ಇನ್ನೂ ಬೇಯುತ್ತಲೇ ಇದೆ, ಆಯಿತಂತೆ! ನಾನು ನಗು ತಡೆದುಕೊಂಡು ಅಮ್ಮನ ಮುಖ ನೋಡಿದೆ. ಅಮ್ಮ ಆಗಲೇ ತಟ್ಟೆಯ ಮುಂದೆ ಕೂತು ಗಬಗಬನೆ ತಿನ್ನುತ್ತಿದ್ದಳು.

‘ಕುಕ್ಕರ್ ಕೂಗಿದ್ದು ಕೇಳ್ಸಲಿಲ್ವೇನಮ್ಮಾ?’ ಅಂದೆ.

‘ದಿನಾನೂ ಕೇಳ್ತೀನಿ ಕಣ್ಲಾ’ ಅಂದಳು. ‘ನನ್ ಮಿಸ್ ಕಾಲ್ ಓಗೋಗಂಟ ಅವ್ಳು ತಿನ್ನಾಕಿಲ್ಲ. ಪಾಪ, ಒಬ್ಳೇ ಅಸ್ಕಂಡ್ ಕುಂತಿರ್ತಾಳೆ. ಮಾತಾಡುಸ್ಬ್ಯಾಡ ಸುಮ್ಕಿರು, ನಾನ್ ಬಿರ್ನೆ ತಿನ್ಬೇಕು.’